ರಕ್ತಸ್ರಾವದ ರೋಗಿಗಳನ್ನು ಹೊರಗಿಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ನರಗಳಿಗೆ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆಯ ಕುರಿತು ಬರೆಯುವಾಗ, ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವನ್ನೂ ರಕ್ತನಾಳ ಒಡೆದು ಆಗುವ ಮಿದುಳಿನ ರಕ್ತಸ್ರಾವವನ್ನೂ ಒಂದೇ ಎಂಬಂತೆ ಕಾಣುವುದು ರೂಢಿಯಾಗಿದೆ. ಇಂಥ ರೋಗಿಗಳಿಗೆ ಫಿಸಿಯೋಥೆರಪಿ ನೀಡುವ ನನಗೆ ಇದು ಸರಿಯೆನಿಸುವುದಿಲ್ಲ.

ಪಾರ್ಶ್ವವಾಯುವಿನಿಂದ ಸೋತ ಕೈಗೆ ಚಲನೆ ಮರಳಿಸಲು, ಎದೆಯ ಚರ್ಮದಡಿ ಅಳವಡಿಸಿ ವೇಗಸ್ ನರವನ್ನು (ಮಿದುಳಿನಿಂದ ಕತ್ತಿನ ಮೂಲಕ ಎದೆ, ಹೊಟ್ಟೆಗೆ ಇಳಿಯುವ ನರ) ಪ್ರಚೋದಿಸುವ ಸಾಧನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿದ್ದ 108 ಮಂದಿಯೂ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯುವಿಗೆ ತುತ್ತಾದವರೇ.

ಮಿದುಳಿನ ಹೊದಿಕೆಗಳ ನಡುವೆ ರಕ್ತ ಸೋರಿದವರ ಕಷ್ಟವೇ ಬೇರೆ. ರಕ್ತನಾಳದಲ್ಲಿ ಒಡೆದ ಉಬ್ಬನ್ನು ಕ್ಲಿಪ್ ಅಥವಾ ಕಾಯಿಲ್ (ಸುರುಳಿಯಾದ ತೆಳು ಲೋಹದ ತಂತಿ) ಹಾಕಿ ಮುಚ್ಚಿದ ಮೇಲೂ, ರಕ್ತಸ್ರಾವವಾದ ಸುಮಾರು 4ನೆಯ ದಿನದಿಂದ 14ನೆಯ ದಿನದವರೆಗೆ, ಸೋರಿದ ರಕ್ತದಿಂದ ಉಂಟಾಗುವ ಉರಿಯೂತ ಮತ್ತು ರಕ್ತನಾಳಗಳ ಸೆಳೆತ ಇವೆರಡೂ ಸೇರಿ ಮಿದುಳಿನ ಕೆಲವು ಭಾಗಗಳಿಗೆ ರಕ್ತ ಸಾಲದಂತೆ ಮಾಡಬಹುದು. ಮನೆಯವರು ಗಂಡಾಂತರ ಕಳೆಯಿತೆಂದು ನೆಮ್ಮದಿಯ ಉಸಿರು ಬಿಡುವುದೂ ಹೆಚ್ಚಾಗಿ ಇದೇ ದಿನಗಳಲ್ಲಿ. ಮಿದುಳಿಗೆ ಹೀಗೆ ರಕ್ತ ಸಾಲದಾಗುವುದನ್ನು ತಡೆಯಲು ಬಳಕೆಯಲ್ಲಿರುವ ಮುಖ್ಯ ಔಷಧ ಇಂದಿಗೂ 21 ದಿನ ಕೊಡುವ ನಿಮೋಡಿಪಿನ್. ಕಿವಿಯ ಚರ್ಮದಲ್ಲಿ ಹಾದುಹೋಗುವ ವೇಗಸ್ ನರದ ಕವಲನ್ನು ಹೊರಗಿನಿಂದಲೇ ಪ್ರಚೋದಿಸಿ ಈ ಉರಿಯೂತವನ್ನು ತಗ್ಗಿಸುವ ಪ್ರಯತ್ನಗಳು ಸಣ್ಣ ಪ್ರಮಾಣದಲ್ಲಿ ಆರಂಭವಾಗಿವೆ. ಶಸ್ತ್ರಚಿಕಿತ್ಸೆ ಬೇಡದ ಈ ದಾರಿಯ ಮೇಲೆ ನನಗೆ ನಂಬಿಕೆಯಿದೆ. ಆದರೆ ಅದು ಆಸ್ಪತ್ರೆಯ ನಿಗಾದಲ್ಲಿ ನಡೆಯಬೇಕಾದ ಸಂಶೋಧನೆಯೇ ಹೊರತು, ಮನೆಯವರು ಯಂತ್ರವೊಂದನ್ನು ಕೊಂಡು ತಂದು ರೋಗಿಯ ಕಿವಿಗೆ ಸಿಕ್ಕಿಸುವ ಚಿಕಿತ್ಸೆಯಲ್ಲ. ವೇಗಸ್ ಹೃದಯದ ಬಡಿತವನ್ನೂ ನಿಯಂತ್ರಿಸುವ ನರವೆಂಬುದನ್ನು ಮರೆಯಬಾರದು.

ರಕ್ತಸ್ರಾವದ ರೋಗಿಗಳನ್ನು ಸೇರಿಸಿಕೊಂಡೇ ಒಳ್ಳೆಯ ಪ್ರಯೋಗ ನಡೆಸಲು ಸಾಧ್ಯವಿದೆ. ನುಂಗಲಾರದೆ, ಕತ್ತಿನಲ್ಲಿ ಉಸಿರಾಟದ ನಳಿಕೆ ಇಟ್ಟುಕೊಂಡಿದ್ದ ಎರಡೂ ಬಗೆಯ ಪಾರ್ಶ್ವವಾಯು ರೋಗಿಗಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗಂಟಲಿನ ಒಳಗೆ ವಿದ್ಯುತ್ ಪ್ರಚೋದನೆ ಪಡೆದ 35 ಮಂದಿಯಲ್ಲಿ 17 ಮಂದಿ ನಳಿಕೆ ತೆಗೆಯಬಹುದಾದಷ್ಟು ಚೇತರಿಸಿಕೊಂಡರು. ತೋರಿಕೆಗಷ್ಟೇ ಚಿಕಿತ್ಸೆ ಪಡೆದ 34 ಮಂದಿಯಲ್ಲಿ ಹಾಗೆ ಚೇತರಿಸಿಕೊಂಡವರು ಮೂವರು ಮಾತ್ರ. ತನ್ನ ಎಂಜಲನ್ನೇ ನುಂಗಲಾರದೆ ಒದ್ದಾಡುವ ರೋಗಿಯನ್ನು ಹತ್ತಿರದಿಂದ ಕಂಡವರಿಗೆ ಈ ಅಂತರದ ಬೆಲೆ ಗೊತ್ತು.

ಕೈಯ ಚೇತರಿಕೆಯ ಪ್ರಯೋಗಗಳಲ್ಲಿಯೂ ರಕ್ತಸ್ರಾವದ ರೋಗಿಗಳಿಗೆ ಸ್ಥಾನ ಸಿಗಬೇಕು. ಪತ್ರಿಕೆಗಳು ಇಂಥ ಸುದ್ದಿ ಪ್ರಕಟಿಸುವಾಗ, ಅಧ್ಯಯನದಲ್ಲಿದ್ದವರು ಯಾವ ಬಗೆಯ ರೋಗಿಗಳು, ಪ್ರಚೋದಿಸಿದ್ದು ಯಾವ ನರ ಎಂಬುದನ್ನು ಮೊದಲ ಸಾಲುಗಳಲ್ಲೇ ತಿಳಿಸಬೇಕೆಂದು ವಿನಂತಿ.

ಇಂತಿ,
ಫಿಸಿಯೋಥೆರಪಿಸ್ಟ್ ಆಗಿರುವ ಓದುಗ