ಹಳೆ ಲಿವರ್ ರೈಫಲ್: ಹೆಸರಿಗಿಂತ ಮೊದಲು ಬ್ಯಾರೆಲ್ ನೋಡಿ

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಲಿವರ್ ಆ್ಯಕ್ಷನ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿಕೆಯನ್ನು ಕೆಳಕ್ಕೆಳೆದು ಮುಂದಿನ ತೋಟಾ ಏರಿಸುವಂಥದ್ದು) ಕೊಳ್ಳಬಹುದೇ ಎಂದು ನಿಮ್ಮ ಓದುಗರೊಬ್ಬರು ಕೇಳಿದ್ದರು. ಬಂದ ಉತ್ತರಗಳೆಲ್ಲ ಕಂಪನಿ ಹೆಸರಿನ ಸುತ್ತಲೇ ಇದ್ದವು. 1964ಕ್ಕೆ ಮುಂಚಿನ, ವಿಂಚೆಸ್ಟರ್ ಕಂಪನಿಯ 94 ಮಾದರಿ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ ಎಂದು ಒಬ್ಬರು ಬರೆದಿದ್ದರು. ಇದನ್ನು ನಾನು ಒಪ್ಪುವುದಿಲ್ಲ.

ಆ ವರ್ಷ ವಿಂಚೆಸ್ಟರ್ ಖರ್ಚು ಇಳಿಸಲು ಕೆಲವು ಭಾಗಗಳನ್ನು ತಯಾರಿಸುವ ರೀತಿ ಬದಲಿಸಿತು, ನಿಜ. ಹಳೆಯವಕ್ಕೆ ಬೆಲೆ ಜಾಸ್ತಿ ಇರುವುದೂ ಅದಕ್ಕೇ. ಆದರೆ ಬ್ಯಾರೆಲ್ ಸವೆದಿದ್ದರೆ ಇಸವಿ ಕಟ್ಟಿಕೊಂಡು ಏನು ಮಾಡುವುದು?

ಸವೆತ ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ. ವಿಂಚೆಸ್ಟರ್ 94ರ ಬ್ಯಾರೆಲನ್ನು ಹಿಂದಿನಿಂದ ಒರೆಸಬೇಕಾದರೆ ರೈಫಲನ್ನೇ ಬಿಚ್ಚಬೇಕು. ಹಾಗಾಗಿ ಹೆಚ್ಚಿನವರು ಬ್ಯಾರೆಲ್ಲಿನ ಬಾಯಿಯ ಕಡೆಯಿಂದಲೇ ಒರೆಸುವ ಕಡ್ಡಿ ತೂರಿಸುತ್ತಾರೆ. ವರ್ಷಗಟ್ಟಲೆ ಕಡ್ಡಿ ಉಜ್ಜಿ ಉಜ್ಜಿ ಬ್ಯಾರೆಲ್ಲಿನ ತುದಿ ಒಂದು ಪಕ್ಕಕ್ಕೆ ಸವೆಯುತ್ತದೆ. ಗುಂಡು ಹೊರಬೀಳುವ ಕೊನೆಯ ಜಾಗ ಅದು. ಅಲ್ಲಿ ಕೆಟ್ಟರೆ ಗುರಿ ಕೆಟ್ಟಂತೆಯೇ. ಹೊರಗಡೆ ಎಷ್ಟು ಹೊಳೆದರೂ ಪ್ರಯೋಜನವಿಲ್ಲ. ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಭಾಗ) ತೆರೆದು, ಹಿಂದುಗಡೆ ಬಿಳಿ ಕಾಗದ ಇಟ್ಟು ಟಾರ್ಚ್ ಹಾಕಿ, ಬ್ಯಾರೆಲ್ಲಿನ ಬಾಯಿಯ ಕಡೆಯಿಂದ ಒಳಗೆ ನೋಡಿ. ಅದಕ್ಕೂ ಮುಂಚೆ ಚೇಂಬರ್ (ಹೊಡೆಯುವಾಗ ತೋಟಾ ಕೂರುವ ಜಾಗ), ಮ್ಯಾಗಜಿನ್ (ಉಳಿದ ತೋಟಾ ತುಂಬಿಡುವ ಜಾಗ) ಎರಡೂ ಖಾಲಿ ಇವೆಯೇ ಎಂದು ನೀವೇ ನೋಡಿಕೊಳ್ಳಿ. ಮಾರುವವರ ಮಾತು ಸಾಲದು.

ನನ್ನದು ಮಾರ್ಲಿನ್ ಕಂಪನಿಯ ಹಳೆಯ 336. ಈ ಮಾದರಿ 1948ರಿಂದ ಇದೆ. ಲಿವರಿನ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ, ಕಡ್ಡಿಯನ್ನು ಹಿಂದಿನಿಂದಲೇ ಹಾಕಬಹುದು. ನಾನು ಇದನ್ನು ಆರಿಸಿಕೊಂಡದ್ದು ಮುಖ್ಯವಾಗಿ ಈ ಕಾರಣಕ್ಕೆ. ಖಾಲಿ ತೋಟಾ ಪಕ್ಕಕ್ಕೆ ಹಾರುವುದರಿಂದ ಮೇಲೆ ದುರ್ಬೀನು ಕೂರಿಸಲೂ ಸುಲಭ. ಹಳೆ 94ರಲ್ಲಿ ತೋಟಾ ನೇರ ಮೇಲಕ್ಕೆ ಹಾರುತ್ತದೆ. ಕಣ್ಣು ಮಂಜಾದವರು ಇದನ್ನು ಯೋಚಿಸಲೇಬೇಕು, ಅಲ್ವಾ?

ಆಮೇಲೆ ಸ್ಕ್ರೂಗಳ ತಲೆ ನೋಡಿ. ಕಿತ್ತುಹೋಗಿದ್ದರೆ ಯಾರೋ ಗೊತ್ತಿಲ್ಲದವರು ಒಳಗೆ ಕೈ ಹಾಕಿದ್ದಾರೆ. ಮರದ ಹಿಡಿ ಕಬ್ಬಿಣಕ್ಕೆ ಸೇರುವ ಕಡೆ ಬಿರುಕಿದೆಯೇ ನೋಡಿ. ಹ್ಯಾಮರನ್ನು (ತೋಟಾ ಸಿಡಿಸಲು ಹಿಂದಿನಿಂದ ಬಡಿಯುವ ಭಾಗ) ಅರ್ಧಕ್ಕೆ ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಅದು ಜಾರಿದರೆ ಆ ರೈಫಲ್ ಬೇಡವೇ ಬೇಡ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ತೋಟಾದ ವಿಷಯ ಯಾರೂ ಬರೆಯಲಿಲ್ಲ, ಅದೇ ನನಗೆ ಬೇಸರ. ಈ ರೈಫಲುಗಳಲ್ಲಿ ಹೆಚ್ಚಿನವಕ್ಕೆ ಕೊಳವೆ ಮ್ಯಾಗಜಿನ್, ಅಂದರೆ ಬ್ಯಾರೆಲ್ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರುತ್ತವೆ. ಒಂದು ತೋಟಾದ ಮೂತಿ ಮುಂದಿನದರ ಪ್ರೈಮರ್‌ಗೆ (ಬಡಿದರೆ ಕಿಡಿ ಹೊತ್ತಿಸುವ ತೋಟಾದ ಹಿಂಭಾಗ) ತಾಗಿಕೊಂಡೇ ಇರುತ್ತದೆ. ಚೂಪಾದ ಗಟ್ಟಿ ಮೂತಿಯ ಗುಂಡು ಹಾಕಿದರೆ, ಹೊಡೆದಾಗಿನ ಒದೆತಕ್ಕೆ ಮ್ಯಾಗಜಿನ್ ಒಳಗೇ ಸಿಡಿಯಬಹುದು. ಈ ರೈಫಲುಗಳಿಗೆ ಬಳಸುವ, 1895ರಲ್ಲಿ ಬಂದ .30-30 ತೋಟಾಕ್ಕೆ ಚಪ್ಪಟೆ ಅಥವಾ ದುಂಡು ಮೂತಿ ಇರುವುದು ಇದಕ್ಕಾಗಿಯೇ. ಈಚೆಗೆ ಮೆತ್ತನೆಯ ಪ್ಲಾಸ್ಟಿಕ್ ತುದಿಯವೂ ಬಂದಿವೆ. ಕೊಳವೆ ಮ್ಯಾಗಜಿನ್‌ಗೆಂದೇ ಮಾಡಿದವನ್ನು ಮಾತ್ರ ತಗೊಳ್ಳಿ.

ಆ ಓದುಗರಿಗೆ ನನ್ನ ಉತ್ತರ ಇಷ್ಟು: ಕೊಳ್ಳಿ, ಆದರೆ ಬಂದೂಕು ರಿಪೇರಿ ಬಲ್ಲವರಿಂದ ಹೆಡ್‌ಸ್ಪೇಸ್ (ಚೇಂಬರಿನಲ್ಲಿ ತೋಟಾ ಕೂರಲು ಬೋಲ್ಟ್‌ವರೆಗೆ ಇರುವ ಜಾಗ) ಅಳತೆ ಮಾಡಿಸಿದ ಮೇಲೆ. ಸೀರಿಯಲ್ ನಂಬರು ಕಾಗದಪತ್ರಕ್ಕೆ ತಾಳೆಯಾಗಬೇಕು. ಅಳತೆ ಮಾಡಿಸಲು ಮಾರುವವರು ಬಿಡದಿದ್ದರೆ ಮುಂಗಡ ಕೊಡಬೇಡಿ.

— ಒಬ್ಬ ಓದುಗ