ಕ್ಯಾನೊಪಿ ಮಂಜಾಯಿತೆಂದು ಬೇಜಾರಾದ ಕೂಸಿಗೆ

ಸಾಗರ

ಪ್ರೀತಿಯ ಕೂಸೇ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ. ಮಳೆ ಹಿಡಿದು ಎಂಟು ದಿನವಾಯಿತು. ಕರೆಂಟು ಬಂದು ಹೋಗಿ ಮಾಡುತ್ತಿದೆ.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ಮನಸ್ಸು ಅಲ್ಲೇ ಇದೆ. ಎರಡು ತಿಂಗಳು ಕೂತು ಮಾಡಿದ ಎಚ್‌ಟಿ-2 ವಿಮಾನದ ಮಾಡೆಲ್. ಕೊನೆಗೆ ಕ್ಯಾನೊಪಿ, ಅಂದರೆ ಪೈಲಟ್ ಸೀಟಿನ ಮೇಲಿನ ಗಾಜಿನಂಥ ಮುಚ್ಚಳ, ಅಂಟಿಸಿದ ರಾತ್ರಿಯೇ ಒಳಗೆಲ್ಲ ಬೆಳ್ಳಗೆ ಮಂಜು ಕಟ್ಟಿತು ಅಂದೆ. ಫೋಟೊ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಮಂಜಿನ ವಿಚಾರ. ಅದು ಸೂಪರ್ ಗ್ಲೂ ಮಾಡಿದ ಕೆಲಸ. ಆ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಗಟ್ಟಿಯಾಗುತ್ತ ಅದರಿಂದ ಆವಿ ಏಳುತ್ತದೆ, ಹತ್ತಿರ ಇರುವುದರ ಮೇಲೆ ಬಿಳಿಯಾಗಿ ಕೂರುತ್ತದೆ. ಬೆರಳು ಮುಟ್ಟಿದ ಜಾಗದಲ್ಲಿ ಇನ್ನೂ ಜಾಸ್ತಿ. ಪೊಲೀಸರು ಬೆರಳಚ್ಚು ಹುಡುಕುವುದಕ್ಕೂ ಇದೇ ಆವಿಯನ್ನು ಬಳಸುತ್ತಾರೆ. ನಿನ್ನ ಫೋಟೊ ದೊಡ್ಡದು ಮಾಡಿ ನೋಡು. ಹಿಂದಿನ ಸೀಟಿನ ಮೇಲ್ಗಡೆ ನಿನ್ನ ಹೆಬ್ಬೆರಳಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ.

ಅದನ್ನು ಬಿಡಿಸಿ, ಒಳಗೆ ಉಜ್ಜಿ, ಪಾಲಿಶ್ ಮಾಡಿ ಮತ್ತೆ ಕೂರಿಸಬಹುದು. ಆದರೆ ನನ್ನ ಮಾತು ಕೇಳುವುದಾದರೆ ಹೊಸದೇ ಮಾಡು. ಮಂಜು ಬರದೇ ಇದ್ದಿದ್ದರೂ ಮುಂದಿನ ಗಾಜಿನ ಹತ್ತಿರ ಸಂದು ಉಳಿದಿದೆ, ಅಲ್ಲಿ ನೀನು ಪುಟ್ಟಿ ತುಂಬಿದ್ದೀಯ. ಅಲ್ಲೇ ತಪ್ಪಿದ್ದು. ರೆಕ್ಕೆಯಲ್ಲಿ ಗುಂಡಿ ಬಿದ್ದರೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಮುಗಿಯಿತು. ಗಾಜಿನಂಥ ಭಾಗಕ್ಕೆ ಆ ಸೌಕರ್ಯ ಇಲ್ಲ. ಅದರ ತಪ್ಪನ್ನೆಲ್ಲ ಅದು ಹುಟ್ಟುವ ಮೊದಲೇ ತಿದ್ದಬೇಕು. ಅಂದರೆ ಅಚ್ಚಿನಲ್ಲಿ. ನೀನು ಅಚ್ಚಿಗೆ ಒಂದು ಸಂಜೆ ಕೊಟ್ಟೆ, ಗಾಜಿಗೆ ಒಂದು ವಾರ ಕೊಟ್ಟೆ. ಈ ಸಲ ಅದನ್ನು ತಿರುಗಿಸು.

ನಿನ್ನ ಅಚ್ಚು ಪ್ಯಾಕಿಂಗ್ ಪೆಟ್ಟಿಗೆಯ ಮರದ್ದು. ಅದರ ನಾರು ಎದ್ದು ಕಾಣುತ್ತದೆ, ಅಚ್ಚಿನ ಮೇಲೆ ಎಳೆಯುವ ಬಿಸಿ ಪ್ಲಾಸ್ಟಿಕ್ ಹಾಳೆ ಆ ನಾರನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತದೆ. ಹಾಲೆ ಮರದ ತುಂಡು ನನ್ನ ಹತ್ತಿರ ಇದೆ, ಕಳಿಸುತ್ತೇನೆ. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಅದನ್ನೇ. ಮೆದು ಮರ, ನಾರು ಸಣ್ಣ. ನಾನು ಮರದ ಮೈ ನೋಡುವುದನ್ನು ಕಲಿತದ್ದು ಇಲ್ಲಿನ ಗುಡಿಗಾರರ ಮನೆಯೊಂದರಲ್ಲಿ. ಗಂಧದ ಕೆತ್ತನೆ ಮಾಡುವ ಹಿರಿಯರು ಅವರು. ಕೆತ್ತಿದ್ದನ್ನು ಬೆಳಕಿಗೆ ಎದುರಾಗಿ ಹಿಡಿಯುತ್ತಲೇ ಇರಲಿಲ್ಲ. ಕಿಟಕಿಗೆ ಅಡ್ಡ ಹಿಡಿದು, ಬೆಳಕು ಮೈಮೇಲೆ ಜಾರುವ ಹಾಗೆ ನೋಡುತ್ತಿದ್ದರು. ಆಗ ಬೆರಳಿಗೆ ಸಿಗದ ಏರುತಗ್ಗಿಗೂ ನೆರಳು ಬೀಳುತ್ತದೆ. ನೀನೂ ಹಾಗೇ ನೋಡು. ರಾತ್ರಿ ಟಾರ್ಚ್ ಅಡ್ಡ ಹಿಡಿದರೂ ಸಾಕು.

ಅಚ್ಚನ್ನು ಕ್ಯಾನೊಪಿಯ ಅಳತೆಗೇ ಕೆತ್ತಬೇಡ. ಹಾಳೆಯ ದಪ್ಪದಷ್ಟು ಸುತ್ತಲೂ ಚಿಕ್ಕದು ಮಾಡು. ಕೆಳಗಡೆ ಒಂದು ಸೆಂಟಿಮೀಟರ್ ಎತ್ತರ ಜಾಸ್ತಿ ಇರಲಿ. ಹಾಳೆ ಬುಡದಲ್ಲಿ ಹೊರಕ್ಕೆ ಬಾಗುತ್ತದಲ್ಲ, ಆ ಬಾಗು ಬೇಡದ ಭಾಗದಲ್ಲೇ ಉಳಿಯಬೇಕು. ಆಮೇಲೆ ಮರದ ಸಣ್ಣ ತೂತು ಮುಚ್ಚುವ ಸ್ಯಾಂಡಿಂಗ್ ಸೀಲರ್ ತೆಳ್ಳಗೆ ಹಚ್ಚು, ಒಣಗಿಸು, ವಾಟರ್ ಪೇಪರ್‌ನಲ್ಲಿ ಉಜ್ಜು, ಮತ್ತೆ ಹಚ್ಚು. 400 ನಂಬರಿನ ಪೇಪರ್‌ನಿಂದ ಶುರು ಮಾಡಿ 1000ದವರೆಗೆ ಹೋಗು. ಅಚ್ಚಿಗೆ ಪೇಂಟ್ ಮಾತ್ರ ಬೇಡ, ಬಿಸಿಗೆ ಹಾಳೆಗೆ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ, ಅಂಗಡಿಯಲ್ಲಿ ಸಿಗುವ ಮಾಡೆಲ್ ಕಿಟ್‌ನ ಕ್ಯಾನೊಪಿ ಯಾವುದನ್ನಾದರೂ ಕತ್ತರಿಸಿ ಹೊಂದಿಸಬಾರದೇ ಅಂತ ಕೇಳಿದ್ದೆ. ಒಂದು ಲೆಕ್ಕ ಹೇಳುತ್ತೇನೆ. ನಿನ್ನ ಮಾಡೆಲ್ 48ರಲ್ಲಿ ಒಂದರ ಅಳತೆ. ನಿಜವಾದ ಎಚ್‌ಟಿ-2ರ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್, ನಿನ್ನದರಲ್ಲಿ 22 ಸೆಂಟಿಮೀಟರ್ ಚಿಲ್ಲರೆ. ಗಾಜಿಗೂ ಅದೇ ಲೆಕ್ಕ ಹಾಕು. ಕಿಟ್‌ನ ಕ್ಯಾನೊಪಿ ಒಂದು ಮಿಲಿಮೀಟರ್ ದಪ್ಪ ಇದ್ದರೆ, ನಿಜದ ಅಳತೆಯಲ್ಲಿ ಅದು 48 ಮಿಲಿಮೀಟರ್ ಗಾಜು! ಒಳಗಿನ ಸೀಟು ಬಾವಿಯೊಳಗೆ ಇದ್ದ ಹಾಗೆ ಕಾಣುತ್ತದೆ. 0.3 ಮಿಲಿಮೀಟರ್ ಹಾಳೆಯಲ್ಲಿ ನೀನೇ ಎಳೆದರೆ 14 ಮಿಲಿಮೀಟರಿಗೆ ಇಳಿಯುತ್ತದೆ, ಎಳೆದಾಗ ತುಸು ತೆಳ್ಳಗೂ ಆಗುತ್ತದೆ. ಆ ಸಣ್ಣ ತರಬೇತಿ ವಿಮಾನಕ್ಕೆ ಅದೂ ಜಾಸ್ತಿಯೇ, ಆದರೆ ಕಣ್ಣು ಒಪ್ಪುತ್ತದೆ.

ಹಾಳೆಗೆ ದುಡ್ಡು ಹಾಕಬೇಕಾಗಿಲ್ಲ. ಸಿಹಿತಿಂಡಿ ಡಬ್ಬಗಳ ತಳದಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ಅದು ಪೆಟ್ ಪ್ಲಾಸ್ಟಿಕ್. ಚಪ್ಪಟೆ ಇರುವ ಕಡೆ ಕತ್ತರಿಸಿ, ಎರಡು ಪ್ಲೈವುಡ್ ಚೌಕಟ್ಟುಗಳ ನಡುವೆ ಕ್ಲಿಪ್ ಹಾಕಿ ಬಿಗಿ ಮಾಡು. ಕಾಯಿಲ್ ಒಲೆಯ ಮೇಲೆ ಎತ್ತರದಲ್ಲಿ ಹಿಡಿ. ಗ್ಯಾಸಿನ ಬೆಂಕಿ ಬೇಡ. ಕಿಟಕಿ ತೆಗೆದಿರಲಿ, ಕೈಗೆ ಚರ್ಮದ ಗ್ಲೌಸ್ ಇರಲಿ. ಹಾಳೆ ಮೊದಲು ನಡುಗುತ್ತದೆ, ಆಮೇಲೆ ಒದ್ದೆ ಬಟ್ಟೆಯ ಹಾಗೆ ನಡುವೆ ಜೋತು ಬೀಳುತ್ತದೆ. ಆಗ ಅಚ್ಚಿನ ಮೇಲೆ ಒಂದೇ ಸಲಕ್ಕೆ ಕೆಳಗೆ ಎಳೆ. ನಮ್ಮೂರಿನ ಹಾಳೆ ತಟ್ಟೆ ಮಾಡುವಲ್ಲಿ ನೋಡಿದ್ದೀಯಲ್ಲ, ಅಡಿಕೆ ಹಾಳೆ ಸರಿಯಾಗಿ ನೆನೆಯದಿದ್ದರೆ ಪ್ರೆಸ್ಸಿನ ಮೂಲೆಯಲ್ಲಿ ಸೀಳುತ್ತದೆ. ಇದೂ ಹಾಗೇ, ಬಿಸಿ ಸಾಲದಿದ್ದರೆ ಮೂಲೆಯಲ್ಲಿ ಕೈಕೊಡುತ್ತದೆ. ಬಿಸಿ ಜಾಸ್ತಿ ಹೊತ್ತು ಕೊಟ್ಟರೆ ಪೆಟ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದಕ್ಕೆ ಮದ್ದಿಲ್ಲ. ಆರೇಳು ಎಳೆ, ಒಂದನ್ನು ಆರಿಸು. ನಾಲ್ಕನೆಯದರ ಹೊತ್ತಿಗೆ ಕೈಗೆ ಅಂದಾಜು ಸಿಗುತ್ತದೆ.

ಕತ್ತರಿಸುವಾಗ ಅಚ್ಚಿನ ಮೇಲೇ ಇಟ್ಟು ಕತ್ತರಿಸು. ಹೊಸ ಬ್ಲೇಡಿನಲ್ಲಿ ಒತ್ತದೆ ಹತ್ತು ಸಲ ಗೀಚು. ವಿಮಾನದ ಒಡಲಿಗೆ ಕೂರಿಸಿ ನೋಡಿ, ಸಂದು ಕಂಡರೆ ಒಡಲನ್ನು ಉಜ್ಜು, ಇಲ್ಲವೇ ಒಡಲಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ಸೇರಿಸು. ಕ್ಯಾನೊಪಿಯನ್ನು ಉಜ್ಜಿ ಹೊಂದಿಸಲು ಹೋಗಬೇಡ. ಒಡಲಿಗೆ ಬಣ್ಣ ಇದೆ, ಅದು ತಡೆದುಕೊಳ್ಳುತ್ತದೆ.

ಕ್ಯಾನೊಪಿಯ ಮೇಲಿನ ಚೌಕಟ್ಟಿನ ಪಟ್ಟಿಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ನಿನ್ನ ಕೈ ಚೆನ್ನಾಗಿದೆ. ಒಂದೇ ಮಾತು. ಟೇಪ್ ಹಚ್ಚಿದ ಮೇಲೆ ಮೊದಲು ಕಾಕ್‌ಪಿಟ್ ಒಳಗಿನ ಬಣ್ಣ ಸ್ಪ್ರೇ ಮಾಡು, ಅದರ ಮೇಲೆ ಹೊರಗಿನ ಬಣ್ಣ. ಒಳಗಿನಿಂದ ನೋಡಿದರೆ ಪಟ್ಟಿ ಒಳಗಿನ ಬಣ್ಣದಲ್ಲೇ ಕಾಣಬೇಕು. ಪಟ್ಟಿಗಳ ಅಗಲವನ್ನು ಊಹೆ ಮಾಡಬೇಡ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ವಿಮಾನವನ್ನೇ ನೋಡಿ ಬಾ, ಪಕ್ಕದಿಂದ, ಮುಂದಿನಿಂದ ಫೋಟೊ ತೆಗೆ. 1951ರಲ್ಲಿ ಹಾರಿದ್ದು, ನಮ್ಮವರೇ ವಿನ್ಯಾಸ ಮಾಡಿದ್ದು. ಅದನ್ನು ಅಂದಾಜಿನಲ್ಲಿ ಮಾಡಿದರೆ ನನಗೆ ಸಮಾಧಾನ ಇಲ್ಲ.

ಇನ್ನು ಅಂಟು. ಫೆವಿಕಾಲ್ ಸಾಕು. ಟೂತ್‌ಪಿಕ್ ತುದಿಯಲ್ಲಿ ಅಂಚಿಗೆ ಮಾತ್ರ ಹಚ್ಚು. ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸು. ಆವಿ ಬಿಡುವುದಿಲ್ಲ, ಒಣಗಿದರೆ ಕಾಣುವುದೂ ಇಲ್ಲ. ಸಣ್ಣ ಸಂದು ಉಳಿದರೆ ಅದನ್ನೂ ಫೆವಿಕಾಲೇ ಮುಚ್ಚುತ್ತದೆ. ಆದರೆ ಈ ಮಳೆಯಲ್ಲಿ ಅಂಟಿಸಬೇಡ ಕೂಸೇ. ನಾನು ನಿನ್ನ ವಯಸ್ಸಿನಲ್ಲಿ ಒಂದು ನ್ಯಾಟ್ ಯುದ್ಧವಿಮಾನದ ಮಾಡೆಲ್ ಮಾಡಿದ್ದೆ. ಆಷಾಢದಲ್ಲಿ, ಕಾಕ್‌ಪಿಟ್ ಬಣ್ಣ ಮುಟ್ಟಿದರೆ ಒಣಗಿದೆ ಅನ್ನಿಸಿದ ದಿನವೇ ಮುಚ್ಚಿಬಿಟ್ಟೆ. ದೀಪಾವಳಿ ಹೊತ್ತಿಗೆ ಗಾಜಿನ ಒಳಗೆ ಬೂಷ್ಟು, ಸೀಟಿನ ಪಟ್ಟಿಯ ಮೇಲೂ. ಬಿಡಿಸಲು ಹೋದಾಗ ಕ್ಯಾನೊಪಿ ಸೀಳಿತು. ಒಳಗಿನ ಕೆಲಸ ಮುಗಿದ ಮೇಲೆ ಕಮ್ಮಿ ಅಂದರೂ ಎರಡು ವಾರ ಕಾಯಿ. ಕ್ಯಾಮೆರಾ ಇಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿರು. ಅಂಟಿಸುವ ಮೊದಲು ಸೋಪಿನ ನೀರಲ್ಲಿ ತೊಳೆ, ಹಾಗೇ ಆರಲು ಬಿಡು. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳನ್ನೇ ಕರೆದ ಹಾಗೆ.

ಒಂದು ವಿಚಾರ ನಿನಗೆ ಹೇಳಿರಲಿಲ್ಲ. ಹೋದ ವರ್ಷ ನನ್ನ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿದರಲ್ಲ, ಅದರ ಹಿಂದಿನ ಕಥೆಯನ್ನು ಓದಿದೆ. ಎರಡನೇ ಮಹಾಯುದ್ಧದಲ್ಲಿ ಗುಂಡು ತಗುಲಿ ವಿಮಾನದ ಕ್ಯಾನೊಪಿ ಒಡೆದು, ಪರ್‌ಸ್ಪೆಕ್ಸ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವಂತೆ. ಆ ಚೂರುಗಳನ್ನು ಕಣ್ಣು ಸಹಿಸಿಕೊಂಡಿದ್ದನ್ನು ಹ್ಯಾರಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಲೆನ್ಸ್ ಮಾಡಿಸಿ ರೋಗಿಯ ಕಣ್ಣಿಗೆ ಇಟ್ಟರು. ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಈಗ ನನಗೆ ನಿನ್ನ ಫೋಟೊದಲ್ಲಿ ಹೆಬ್ಬೆರಳಿನ ಗೆರೆ ಕಾಣುತ್ತಿರುವುದು ಕ್ಯಾನೊಪಿಯಿಂದಲೇ ಶುರುವಾದ ಕೆಲಸದಿಂದ.

ಹಾಲೆ ಮರದ ತುಂಡನ್ನು ಶನಿವಾರ ಬೆಳಗಿನ ಬಸ್ಸಿನಲ್ಲಿ ಬರುವ ನಿನ್ನ ಅತ್ತೆಯ ಕೈಲಿ ಕಳಿಸುತ್ತೇನೆ. ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಹೋಗಿ ತಗೋ. ಎರಡು ಅಚ್ಚಿಗೆ ಆಗುವಷ್ಟಿದೆ. ಕೆತ್ತಿ ಸೀಲರ್ ಹಚ್ಚಿದ ಮೇಲೆ, ಹಾಳೆ ಎಳೆಯುವ ಮೊದಲು, ಟಾರ್ಚ್ ಅಡ್ಡ ಹಿಡಿದು ಒಂದು ಫೋಟೊ ಕಳಿಸು.

ಇತಿ ನಿನ್ನ
ದೊಡ್ಡಪ್ಪ