ಮಗು ಬರುವ ಮೊದಲು ಮನೆಯೂ ತಯಾರಾಗಲಿ

ಮಾನ್ಯರೇ,

ಹೆತ್ತವರ ಜೊತೆ ಇರಲಾಗದ ಮಗುವನ್ನು ಬೇರೊಂದು ಕುಟುಂಬ ಕೆಲಕಾಲ ಸಾಕುವ ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಲ್ಲಿ ಮಗುವನ್ನು ನೋಡಿಕೊಳ್ಳಲು 2024ರ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಒಳ್ಳೆಯದೇ. ಆದರೆ ಕಾಗದಪತ್ರ ನೋಡಿ, ಮನೆಗೆ ಒಮ್ಮೆ ಬಂದುಹೋದರೆ ತಯಾರಿ ಮುಗಿಯಿತೇ?

ಹಸಿವು ಕಂಡ ಮಗು ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಡುತ್ತದೆ. ಅದನ್ನು ಕಳ್ಳತನ ಅಂತ ಗದರಿದರೆ ಇನ್ನೂ ಜಾಸ್ತಿ ಬಚ್ಚಿಡುತ್ತದೆ. ಡಬ್ಬಿ ಕೈಗೆಟುಕುವಲ್ಲಿಟ್ಟು, ‘ಯಾವಾಗ ಬೇಕಾದರೂ ತಗೋ ಕಂದ’ ಅಂದರೆ ನಿಧಾನಕ್ಕೆ ಧೈರ್ಯ ಬರುತ್ತದೆ. ಇಂಥದ್ದನ್ನು ಯಾರಾದರೂ ಮೊದಲೇ ಹೇಳಿಕೊಡಬೇಕು ಅಲ್ವಾ? ಮನೆಯಲ್ಲಿರುವ ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಬೇಕು. ಮಗುವಿನ ಎದುರೇ ‘ಇದು ಯಾರ ಮಗು, ಅಪ್ಪ ಅಮ್ಮ ಇಲ್ವಾ?’ ಅಂತ ಕೇಳುವ ಅಕ್ಕಪಕ್ಕದವರಿಗೆ ಏನು ಹೇಳಬೇಕು ಅನ್ನುವುದೂ ಗೊತ್ತಿರಬೇಕು. (ನಮ್ಮೂರಿನ ಜಗಲಿಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ!)

ಎಲ್ಲಕ್ಕಿಂತ ಕಷ್ಟದ್ದು ಬೀಳ್ಕೊಡುವುದು. ಇದು ದತ್ತು ಅಲ್ಲ. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ವಾಪಸ್ ಹೋಗಬಹುದು.

ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳು ಪೋಷಕ ಕುಟುಂಬದ ಪರಿಶೀಲನೆ ನಡೆಸಬೇಕೆಂದು 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಅದು ಸುಮ್ನೆ ಸಹಿ ಹಾಕಿಸುವ ಭೇಟಿ ಆಗಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮದ್ದೂರು, ಮಳವಳ್ಳಿ, ನಾಗಮಂಗಲದಲ್ಲೂ ಭಾನುವಾರ ತರಬೇತಿ ಇಡಲಿ. ಕೂಲಿ ಬಿಟ್ಟು ಮಂಡ್ಯಕ್ಕೆ ಬನ್ನಿ ಅಂದರೆ ಯಾರು ಬರುತ್ತಾರೆ?

– ಓದುಗರೊಬ್ಬರು, ಮಂಡ್ಯ